ಮಂದ್ರವೂ ತಂತಿಯೂ

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟಿಯನ್ನರ ನೆಲೆಯಿದೆ. ಅಲ್ಲಿಯ ಗ್ಯುಮೆ ತಾಂತ್ರಿಕ ಮಠದ ಭಿಕ್ಷುಗಳು ಮಂತ್ರ ಪಠಿಸುವುದು ಅತಿ ಮಂದ್ರದಲ್ಲಿ. ಆ ಪಠಣದ ಮುದ್ರಿಕೆಯನ್ನು ನನ್ನ ಕಾರಿನ ಸ್ಟೀರಿಯೋದಲ್ಲಿ ಕೇಳಿದಾಗ ಅದರ ಗಾಂಭೀರ್ಯವೇ ಕಾಣೆಯಾಗಿತ್ತು. ಹೊಸ ಆಂಪ್ಲಿಫೈಯರ್ ಜೋಡಿಸಿದಾತ ಒಂದು ಸ್ಪೀಕರಿನ ಪ್ಲಸ್, ಮೈನಸ್ ತಂತಿಗಳನ್ನು ಅದಲುಬದಲು ಮಾಡಿದ್ದ. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆದರೆ ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ತಂತಿ ಸರಿಪಡಿಸಿದೊಡನೆ ಮಂದ್ರ ಮರಳಿತು.

ಸ್ವರ ತಪ್ಪಿದರೆ ಕಿವಿಗೆ ನಷ್ಟ. ಫ್ಯೂಸು ತಪ್ಪಿದರೆ ಪ್ರಾಣಕ್ಕೇ ಅಪಾಯ. ಮಂದ್ರವನ್ನು ತುಂಬಿ ನುಡಿಸಲು ವಿದ್ಯುತ್ತು ಹೆಚ್ಚು ಬೇಕು. 12 ವೋಲ್ಟಿನ ಬ್ಯಾಟರಿಯಿಂದ 300 ವ್ಯಾಟು ಸೆಳೆದರೆ ತಂತಿಯಲ್ಲಿ 25 ಆಂಪಿಯರ್ ಹರಿಯುತ್ತದೆ. ಸಣ್ಣ ತಂತಿ ಅಷ್ಟಕ್ಕೇ ಬಿಸಿಯೇರುತ್ತದೆ. ದಪ್ಪ ತಂತಿಯ ಹೊದಿಕೆಯೂ ಕಾರಿನ ತಗಡಿಗೆ ಉಜ್ಜಿ ಸವೆದರೆ, ನೂರಾರು ಆಂಪಿಯರ್ ನುಗ್ಗಿ ಬೆಂಕಿ ಹೊತ್ತೀತು. ಆದುದರಿಂದ ಫ್ಯೂಸಿರಬೇಕಾದದ್ದು ಬ್ಯಾಟರಿಯಿಂದ ಗೇಣುದ್ದದೊಳಗೆ. ಆಂಪ್ಲಿಫೈಯರಿನ ಬಳಿಯಿಟ್ಟ ಫ್ಯೂಸು ಅದನ್ನಷ್ಟೇ ಕಾಪಾಡೀತು. ನಡುವಣ ತಂತಿಯನ್ನಾಗಲಿ, ಅದರ ಪಕ್ಕದಲ್ಲಿ ಕುಳಿತ ನಮ್ಮನ್ನಾಗಲಿ ಕಾಪಾಡಲಾರದು.

ಸಂಗೀತಪ್ರಿಯರು ವ್ಯಾಟುಗಳನ್ನು ಎಣಿಸುವ ಮೊದಲು ಬಾನೆಟ್ ಎತ್ತಿ ಆ ಫ್ಯೂಸನ್ನು ಕಣ್ಣಾರೆ ಕಂಡುಕೊಳ್ಳಲಿ.