ರೋಲರಿನ ಜೂಲು, ಗೋಡೆಯ ಗುಂಡಿ

ಮೊದಲು ಒಂದು ಸಣ್ಣ ಕೆಲಸ, ಮಕ್ಕಳೇ. ನೀವು ಕೂತಿರುವ ಕೋಣೆಯ ಗೋಡೆಗೆ ಅಂಗೈ ಇಟ್ಟು ಮೆಲ್ಲಗೆ ಸವರಿ. ನುಣುಪಾಗಿದೆಯೇ, ತರಿತರಿಯಾಗಿದೆಯೇ? ಈಗ ಅಂಗೈ ತೆಗೆದು ಬೆರಳ ತುದಿಯಿಂದ ಸವರಿ ನೋಡಿ. ಅಂಗೈಗೆ ಗೊತ್ತಾಗದ ಎಷ್ಟೋ ಉಬ್ಬುತಗ್ಗು ಬೆರಳ ತುದಿಗೆ ಗೊತ್ತಾಗುತ್ತದೆ.

ಕತ್ತಲಾದ ಮೇಲೆ ಇದಕ್ಕಿಂತ ಮಜವಾದ ಪರೀಕ್ಷೆ ಇದೆ. ಕೋಣೆಯ ದೀಪ ಆರಿಸಿ. ಟಾರ್ಚನ್ನು ಗೋಡೆಗೆ ತಾಗುವ ಹಾಗೆ ಹಿಡಿದು, ಬೆಳಕು ಗೋಡೆಯನ್ನು ಸವರಿಕೊಂಡೇ ಸಾಗುವಂತೆ ಬಿಡಿ. ಹಗಲಲ್ಲಿ ಸಪಾಟಾಗಿ ಕಂಡ ಗೋಡೆಯಲ್ಲಿ ಈಗ ಒಂದೊಂದು ಉಬ್ಬಿನ ಹಿಂದೆಯೂ ಒಂದೊಂದು ಉದ್ದ ನೆರಳು! ಅಲ್ಲೊಂದು ಗುಂಡಿ, ಇಲ್ಲೊಂದು ಗೀರು, ಕರಣೆ ಎಳೆದು ಬಿಟ್ಟುಹೋದ ಅಲೆ. ಗೋಡೆಯ ನಿಜವಾದ ಮುಖ ಇದು. ಬಣ್ಣ ಬಳಿಯುವ ರೋಲರನ್ನು ಆರಿಸುವುದು ಈ ಮುಖ ನೋಡಿಯೇ.

ಸೆಟ್ ದೋಸೆಯ ಮೇಲ್ಮೈಯನ್ನು ನೆನಪಿಸಿಕೊಳ್ಳಿ. ತುಂಬಾ ತೂತು, ಅಲ್ಲವೇ? ಚಮಚದ ಬೆನ್ನಿನಿಂದ ಗಟ್ಟಿ ಚಟ್ನಿ ಸವರಿದರೆ ಅದು ಮೇಲೆ ಮೇಲೆ ಹತ್ತುತ್ತದೆ, ತೂತಿನ ತಳಕ್ಕೆ ಇಳಿಯುವುದಿಲ್ಲ. ಒರಟು ಗೋಡೆಯೂ ಹೀಗೆಯೇ. ಗುಂಡಿಯ ತಳಕ್ಕೂ ಬಣ್ಣ ಮುಟ್ಟಬೇಕಾದರೆ ಗುಂಡಿಯೊಳಗೆ ಕೈ ಹಾಕುವಂಥ ಏನಾದರೊಂದು ಬೇಕು.

ಆ ಕೈ ರೋಲರಿಗಿದೆ. ಒಂದು ಹೊಸ ರೋಲರನ್ನು ಹಿಡಿದು ನೋಡಿ. ಬಗ್ಗಿಸಿದ ಕಂಬಿ, ಅದಕ್ಕೊಂದು ಹಿಡಿಕೆ, ಕಂಬಿಯ ಸುತ್ತ ಗರಗರ ತಿರುಗುವ ಒಂದು ಕೊಳವೆ, ಕೊಳವೆಗೆ ಹೊದಿಸಿದ ಮೆತ್ತನೆಯ ಜೂಲು. ಜೂಲನ್ನು ಎರಡು ಬೆರಳಿಂದ ಬಿಡಿಸಿ ನೋಡಿದರೆ ಬುಡದಲ್ಲಿ ನೇಯ್ದ ಬಟ್ಟೆ ಕಾಣುತ್ತದೆ. ಆ ಬಟ್ಟೆಯಿಂದ ಎಳೆಯ ತುದಿಯವರೆಗೆ ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಿಂದ ಅಳೆಯಿರಿ. ಕೆಲವು ರೋಲರಿನಲ್ಲಿ 6 ಮಿಲಿಮೀಟರ್, ಕೆಲವದರಲ್ಲಿ 10 ಅಥವಾ 12, ಇನ್ನು ಕೆಲವದರಲ್ಲಿ 18ರಿಂದ 20. ಅಂಗಡಿಯಲ್ಲಿ ಎಲ್ಲವೂ ಒಂದೇ ಥರ ಕಂಡರೂ ಇರುವ ಗುಟ್ಟೆಲ್ಲ ಈ ಅಳತೆಯಲ್ಲಿ.

ಬಣ್ಣ ರೋಲರಿನ ಒಳಗೆ ಎಲ್ಲಿ ಕೂರುತ್ತದೆ ಗೊತ್ತೇ? ಎಳೆಗಳ ಒಳಗಲ್ಲ, ಎಳೆಗಳ ನಡುವಿನ ಸಂದಿಯಲ್ಲಿ. ದೇವರ ಮನೆಯ ದೀಪದ ಬತ್ತಿಯನ್ನು ನೋಡಿ. ಎಣ್ಣೆ ಕೆಳಗೆ, ಉರಿ ಮೇಲೆ. ಎಣ್ಣೆಯನ್ನು ಯಾರೂ ಎತ್ತಿ ಕೊಡುತ್ತಿಲ್ಲ, ಆದರೂ ಅದು ಹತ್ತುತ್ತಲೇ ಇರುತ್ತದೆ. ಹತ್ತಿಯ ಎಳೆಯನ್ನು ಕಂಡರೆ ಎಣ್ಣೆ ಹೋಗಿ ಅಂಟಿಕೊಳ್ಳುತ್ತದೆ, ಹೋಗುವಾಗ ಪಕ್ಕದ ಎಣ್ಣೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಸಂದಿ ಇಕ್ಕಟ್ಟಾದಷ್ಟೂ ಹೆಚ್ಚು ಎತ್ತರ ಹತ್ತುತ್ತದೆ. ಪಾಠದ ಪುಸ್ತಕದಲ್ಲಿ ಇದಕ್ಕೆ ಲೋಮನಾಳ ಕ್ರಿಯೆ ಎಂಬ ದೊಡ್ಡ ಹೆಸರಿದೆ. ಹೆಸರು ಮರೆತರೂ ಅಡ್ಡಿಯಿಲ್ಲ, ಬತ್ತಿಯನ್ನು ಮರೆಯಬೇಡಿ.

ರೋಲರಿನ ಜೂಲಿನಲ್ಲೂ ನಡೆಯುವುದು ಇದೇ. ತಟ್ಟೆಯ ಬಣ್ಣದಲ್ಲಿ ಒಮ್ಮೆ ಹೊರಳಿಸಿದರೆ ಸಂದಿಸಂದಿಗೂ ಬಣ್ಣ ತುಂಬಿಕೊಳ್ಳುತ್ತದೆ, ಎತ್ತಿದರೆ ಒಮ್ಮೆಗೇ ಸುರಿದುಹೋಗುವುದಿಲ್ಲ. ಗೋಡೆಗೆ ಒತ್ತಿದಾಗ ಜೂಲು ಅಮುಕಿ, ಸಂದಿ ಕಿರಿದಾಗಿ, ಬಣ್ಣ ಹೊರಗೆ ಬರುತ್ತದೆ. ಉದ್ದ ಜೂಲಿಗೆ ದೊಡ್ಡ ಉಗ್ರಾಣ, ಗಿಡ್ಡ ಜೂಲಿಗೆ ಚಿಕ್ಕ ಉಗ್ರಾಣ.

ಹಾಗಾದರೆ ಉದ್ದ ಜೂಲಿನ ರೋಲರೇ ಒಳ್ಳೆಯದಲ್ಲವೇ, ಪದೇಪದೇ ಅದ್ದುವ ಕಷ್ಟವಿಲ್ಲ, ಎಂದು ನೀವು ಕೇಳಬೇಕು. ಕೇಳಿದಿರಿ ಎಂದೇ ಇಟ್ಟುಕೊಳ್ಳುತ್ತೇನೆ. ಉತ್ತರಕ್ಕೆ ಅಡುಗೆಮನೆಯಿಂದ ಎರಡು ಹನಿ ಜೇನು ಬೇಕು.

ಜೇನನ್ನು ಹೆಬ್ಬೆರಳಿನ ಮೇಲೆ ಹಾಕಿ, ತೋರುಬೆರಳನ್ನು ಅದಕ್ಕೆ ಒತ್ತಿ, ನಿಧಾನವಾಗಿ ದೂರ ಸರಿಸಿ. ಎರಡು ಬೆರಳ ನಡುವೆ ಒಂದು ದಾರ ಎದ್ದಿತು. ಅದು ಉದ್ದವಾಯಿತು, ನಡುವೆ ಸಣ್ಣಗಾಯಿತು, ಪಟ್ಟೆಂದು ತುಂಡಾಯಿತು. ಈಗ ಹೆಬ್ಬೆರಳನ್ನೇ ದಿಟ್ಟಿಸಿ. ದಾರ ತುಂಡಾದ ಜಾಗದಲ್ಲಿ ಒಂದು ಪುಟ್ಟ ಗುಡ್ಡ ನಿಂತಿದೆ. ನೋಡನೋಡುತ್ತಲೇ ಅದು ಕುಸಿದು ಸಮವಾಗುತ್ತದೆ. (ಆಮೇಲೆ ಬೆರಳು ನೆಕ್ಕಬಹುದು. ವಿಜ್ಞಾನದ ಎಲ್ಲ ಪ್ರಯೋಗಗಳಲ್ಲೂ ಈ ಸೌಲಭ್ಯ ಇರುವುದಿಲ್ಲ.)

ರೋಲರು ಗೋಡೆಯಿಂದ ಬಿಡಿಸಿಕೊಳ್ಳುವಾಗ ಇಂಥ ಎಷ್ಟೋ ದಾರಗಳು ಒಟ್ಟಿಗೆ ಎದ್ದು, ಒಟ್ಟಿಗೆ ತುಂಡಾಗುತ್ತವೆ. ಪ್ರತಿಯೊಂದೂ ಗೋಡೆಯ ಮೇಲೆ ತನ್ನ ಗುಡ್ಡ ಬಿಟ್ಟುಹೋಗುತ್ತದೆ. ಬಣ್ಣ ತೆಳುವಾಗಿ ಕೂತಿದ್ದರೆ ಗುಡ್ಡಗಳೂ ಚಿಕ್ಕವು. ಉದ್ದ ಜೂಲು ಬಣ್ಣವನ್ನು ದಪ್ಪಗೆ ಬಿಡುತ್ತದೆ, ಆಗ ಗುಡ್ಡಗಳು ದೊಡ್ಡವು. ಕುಸಿದು ಸಮವಾಗುವ ಮೊದಲೇ ಬಣ್ಣ ಗಟ್ಟಿಯಾಗುತ್ತದೆ. ಗುಂಡಿ ಮುಚ್ಚಲು ಪುಟ್ಟಿ ಹಚ್ಚಿ, ಉಜ್ಜಿ, ಅಷ್ಟು ಕಷ್ಟಪಟ್ಟು ನುಣುಪು ಮಾಡಿದ ಗೋಡೆಯ ಮೇಲೆ ಈಗ ಬೊಕ್ಕೆಬೊಕ್ಕೆ!

ಕೆಲವೊಮ್ಮೆ ದಾರ ಒಂದೇ ಕಡೆ ತುಂಡಾಗದೆ ಎರಡು ಕಡೆ ತುಂಡಾಗುತ್ತದೆ. ಆಗ ನಡುವಿನ ತುಣುಕು ಯಾರಿಗೂ ಸೇರದೆ ಹನಿಯಾಗಿ ಹಾರುತ್ತದೆ. ಪೇಂಟರ್ ಮಾಮ ತಲೆಗೆ ಟವೆಲ್ ಸುತ್ತಿಕೊಳ್ಳುವುದು ಈ ಹನಿಗಳಿಗಾಗಿಯೇ. ರೋಲರನ್ನು ಜೋರಾಗಿ ಓಡಿಸಿದಷ್ಟೂ ಹನಿ ಹೆಚ್ಚು. ಅವಸರದವರ ಕೆಲಸವನ್ನು ನೆಲ ನೋಡಿಯೇ ಹೇಳಬಹುದು.

ಈಗ ಗೋಡೆಗೂ ಜೂಲಿಗೂ ಜೋಡಿ ಹೊಂದಿಸೋಣ. ಪುಟ್ಟಿ ಹಚ್ಚಿ ಉಜ್ಜಿದ ನುಣುಪು ಗೋಡೆಗೆ 6ರಿಂದ 10 ಮಿಲಿಮೀಟರ್ ಜೂಲು ಸಾಕು. ಪುಟ್ಟಿ ಇಲ್ಲದ, ಸ್ವಲ್ಪ ತರಿ ಇರುವ ಗಾರೆ ಗೋಡೆಗೆ 10ರಿಂದ 12. ಮರಳು ಕೈಗೆ ಹತ್ತುವಂಥ ಒರಟು ಗೋಡೆಗೆ, ಗಾರೆಯೇ ಇಲ್ಲದ ಇಟ್ಟಿಗೆ ಗೋಡೆಗೆ 18 ಅಥವಾ ಅದಕ್ಕೂ ಉದ್ದ. ಒರಟು ಗೋಡೆಗೆ ಗಿಡ್ಡ ಜೂಲು ಹಿಡಿದರೆ ಏನಾಗುತ್ತದೆಂದು ನಿಮಗೀಗ ಗೊತ್ತು: ಗುಂಡಿಗಳೆಲ್ಲ ಬಣ್ಣ ಹತ್ತದ ಚುಕ್ಕಿಗಳಾಗಿ ಉಳಿಯುತ್ತವೆ. ಮನೆಯ ಒಳಗಿನ ಗೋಡೆಗೆ ಯಾವುದೋ ಒಂದೇ ರೋಲರ್ ಕೊಳ್ಳಿ ಎಂದರೆ ನಾನು 10 ಮಿಲಿಮೀಟರಿನದನ್ನು ಎತ್ತಿಕೊಳ್ಳುತ್ತೇನೆ.

ಬಣ್ಣವನ್ನೇ ದಪ್ಪಗೆ ಬಳಿದು ಗುಂಡಿ ತುಂಬಿಸಬಾರದೇ? ಒಂದು ಪುಟ್ಟ ಲೆಕ್ಕ ಮಾಡೋಣ. 1 ಲೀಟರ್ ಬಣ್ಣವನ್ನು 10 ಚದರ ಮೀಟರ್ ಗೋಡೆಗೆ ಒಂದು ಕೋಟ್ ಬಳಿದೆವು ಎನ್ನಿ. 1 ಲೀಟರ್ ಎಂದರೆ 1000 ಘನ ಸೆಂಟಿಮೀಟರ್. 10 ಚದರ ಮೀಟರ್ ಎಂದರೆ 1,00,000 ಚದರ ಸೆಂಟಿಮೀಟರ್. ಭಾಗಿಸಿದರೆ ದಪ್ಪ ಬರುವುದು ಒಂದು ಸೆಂಟಿಮೀಟರಿನ ನೂರನೇ ಒಂದು ಭಾಗ, ಅಂದರೆ 0.1 ಮಿಲಿಮೀಟರ್. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯೂ ಸುಮಾರು ಅಷ್ಟೇ ದಪ್ಪ. ಅದೂ ಹಸಿಯಾಗಿದ್ದಾಗ; ಒಣಗಿದರೆ ಇನ್ನೂ ತೆಳು. ಇಷ್ಟು ತೆಳ್ಳನೆಯ ಹೊದಿಕೆ ಗುಂಡಿಗೆ ಬಣ್ಣ ಹಚ್ಚಬಲ್ಲದೇ ಹೊರತು ಗುಂಡಿಯನ್ನು ಮುಚ್ಚಲಾರದು. ಮುಚ್ಚುವುದು ಪುಟ್ಟಿಯ ಕೆಲಸ.

ಬಣ್ಣದ ಕಡೆಯಿಂದಲೂ ಒಂದು ಉಪಕಾರವಿದೆ. ಟೊಮೆಟೊ ಸಾಸಿನ ಬಾಟಲಿಯನ್ನು ಬೋರಲು ಹಿಡಿದರೆ ಸಾಸ್ ಜಪ್ಪಯ್ಯ ಅನ್ನುವುದಿಲ್ಲ. ಚೆನ್ನಾಗಿ ಕುಲುಕಿ ಹಿಡಿಯಿರಿ, ಹರಿದು ಬರುತ್ತದೆ. ತಟ್ಟೆಗೆ ಬಿದ್ದ ಮೇಲೆ ಮತ್ತೆ ಮುದ್ದೆಯಾಗಿ ಕೂರುತ್ತದೆ. ಗೋಡೆಯ ಎಮಲ್ಷನ್ ಬಣ್ಣವನ್ನೂ ಬೇಕೆಂದೇ ಈ ಗುಣ ಬರುವಂತೆ ತಯಾರಿಸುತ್ತಾರೆ. ರೋಲರು ಹೊರಳಿಸುವಾಗ ತೆಳ್ಳಗಾಗಿ ಹರಡುತ್ತದೆ, ರೋಲರು ದಾಟಿಹೋದ ಮೇಲೆ ದಪ್ಪಗಾಗಿ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ನಿಂತ ಗೋಡೆಯಿಂದ ಬಣ್ಣವೆಲ್ಲ ಇಳಿದು ನೆಲ ಸೇರುತ್ತಿತ್ತು.

ಜೂಲಿನ ಉದ್ದ ಆಯಿತು, ಜೂಲು ಯಾವುದರದ್ದು ಎಂಬುದು ಬಾಕಿ. ಮಳೆಯಲ್ಲಿ ನೆಂದ ಕಂಬಳಿಯನ್ನು ಎತ್ತಿದ್ದೀರಾ? ಮಣಭಾರ, ಒಣಗಲು ದಿನಗಟ್ಟಲೆ. ಅದೇ ಮಳೆಯಲ್ಲಿ ನೆಂದ ಪಾಲಿಯೆಸ್ಟರ್ ಅಂಗಿ ಒಂದು ಗಾಳಿಗೆ ಒಣಗುತ್ತದೆ. ಉಣ್ಣೆಯ ಎಳೆ ನೀರನ್ನು ತನ್ನೊಳಕ್ಕೇ ಕುಡಿಯುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಪಾಲಿಯೆಸ್ಟರ್ ಎಳೆ ನೂರಕ್ಕೆ ಒಂದು ಭಾಗವನ್ನೂ ಕುಡಿಯುವುದಿಲ್ಲ. ಎಮಲ್ಷನ್ ಎಂದರೆ ನೀರಿನ ಬಣ್ಣ. ಅದರಲ್ಲಿ ಅದ್ದಿದ ಉಣ್ಣೆ ಉಬ್ಬಿ, ಮೆತ್ತಗಾಗಿ, ಎಳೆಗೆ ಎಳೆ ಅಂಟಿ ಸಿಕ್ಕಾಗುತ್ತದೆ. ಸಂದಿಯೇ ಹೋದಮೇಲೆ ಉಗ್ರಾಣವೆಲ್ಲಿ? ಆದ್ದರಿಂದ ನೀರಿನ ಬಣ್ಣಕ್ಕೆ ಪಾಲಿಯೆಸ್ಟರ್ ಜೂಲು, ಎಣ್ಣೆ ಬಣ್ಣಕ್ಕಾದರೆ ಉಣ್ಣೆಯದೂ ನಡೆಯುತ್ತದೆ. ಮೈಕ್ರೋಫೈಬರ್ ಎಂದು ಮಾರುವುದು ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳ ಜೂಲು. ಎಳೆ ತೆಳುವಾದರೆ ಅಷ್ಟೇ ಜಾಗದಲ್ಲಿ ಸಂದಿಗಳು ಹೆಚ್ಚು, ಬತ್ತಿ ನೆನಪಿದೆಯಲ್ಲ? ಸ್ಪಂಜಿನ ಪುಟ್ಟ ರೋಲರುಗಳೂ ಇವೆ. ಅವು ಬಾಗಿಲಿಗೆ ಎನಾಮಲ್ ಬಳಿಯಲು ಚೆನ್ನ, ಇಡೀ ಗೋಡೆಗೆ ಬೇಡ.

ಅಗಲದ ವಿಷಯ ಸುಲಭ. ಗೋಡೆಗೆ 9 ಇಂಚಿನದು, ಕಿಟಕಿ ಮತ್ತು ಸ್ವಿಚ್ ಬೋರ್ಡಿನ ಅಕ್ಕಪಕ್ಕಕ್ಕೆ 4 ಇಂಚಿನದು. ಇಷ್ಟೆಲ್ಲ ಇದ್ದರೂ ಬ್ರಷ್ ಬಿಡುವ ಹಾಗಿಲ್ಲ. ಏಕೆಂದರೆ ರೋಲರು ದುಂಡಗಿದೆ, ಮೂಲೆ ಚೂಪಾಗಿದೆ. ಒಂದು ಬಳೆಯನ್ನು ಡಬ್ಬದ ಮೂಲೆಗೆ ಎಷ್ಟೇ ಒತ್ತಿದರೂ ಹಿಂದೆ ಒಂದು ಮೂಲೆ ಖಾಲಿ ಉಳಿಯುತ್ತದೆ. 5 ಸೆಂಟಿಮೀಟರ್ ದಪ್ಪದ ರೋಲರು ಸೂರಿಗೆ ತಾಗಿದಾಗ, ಗೋಡೆಯನ್ನು ಅದು ಮುಟ್ಟಿರುವುದು ಸುಮಾರು 2.5 ಸೆಂಟಿಮೀಟರ್ ಕೆಳಗೆ. ಆ ಪಟ್ಟಿಯನ್ನು ಬ್ರಷ್ಷಿನಿಂದ ಮೊದಲೇ ಬಳಿದಿಟ್ಟುಕೊಳ್ಳುತ್ತಾರೆ.

ರೋಲರು ಬಂದು ಇನ್ನೂ ನೂರು ವರ್ಷವೂ ಆಗಿಲ್ಲ. ಅದನ್ನು ಕಂಡುಹಿಡಿದವರೆಂದು ಸಾಮಾನ್ಯವಾಗಿ ಹೇಳುವುದು ಕೆನಡಾದ ಟೊರೊಂಟೊದ ನಾರ್ಮನ್ ಬ್ರೇಕಿ ಅವರ ಹೆಸರು, ವರ್ಷ 1940. ಅದಕ್ಕೂ ಮುಂಚೆ ಎಲ್ಲೆಲ್ಲೂ ನಾರು ಮತ್ತು ಕೂದಲಿನ ಕುಂಚಗಳದ್ದೇ ಕಾರುಬಾರು. ನಮ್ಮ ಮಲೆನಾಡಿನಲ್ಲಿ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಿಂದ. ಅಂಥ ಸಣ್ಣ ಗೆರೆ ಯಾವ ರೋಲರಿಗೂ ಬಾರದು.

ನೀವೇ ಬಳಿಯಲು ಹೊರಟರೆ ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ. ಹಳೆಯ ಬಣ್ಣವನ್ನು ಮಾತ್ರ ನೀವು ಕೆರೆಯಬೇಡಿ, ಆ ಧೂಳಿನ ಹತ್ತಿರವೂ ಹೋಗಬೇಡಿ. ಅದರಲ್ಲಿ ಸೀಸ ಇರಬಹುದು, ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಮನೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ.

ಹೊಸ ರೋಲರಿಗೆ ಅಂಟುಪಟ್ಟಿ ಒತ್ತಿ ಕಿತ್ತರೆ ಸಡಿಲ ಎಳೆಗಳೆಲ್ಲ ಅದಕ್ಕೇ ಬರುತ್ತವೆ, ಗೋಡೆಗೆ ಹತ್ತುವುದಿಲ್ಲ. ಕೆಲಸ ಮುಗಿದ ಕೂಡಲೇ ರೋಲರನ್ನು ತೊಳೆಯಿರಿ, ಊಟ ಮುಗಿಸಿ ಬರುತ್ತೇನೆ ಎನ್ನಬೇಡಿ. ಎಮಲ್ಷನ್ನಿನಲ್ಲಿ ಅಕ್ರಿಲಿಕ್ಕಿನಂಥ ಪ್ಲಾಸ್ಟಿಕ್ಕಿನ ಕಣ್ಣಿಗೆ ಕಾಣದ ಗುಂಡುಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒತ್ತೊತ್ತಾಗಿ, ಒಂದಕ್ಕೊಂದು ಬೆಸೆದು, ಪೊರೆಯಾಗುತ್ತವೆ. ಬೆಸೆದ ಮೇಲೆ ಎಷ್ಟು ನೀರು ಹಾಕಿದರೂ ಬಿಡವು. ಗೋಡೆಯ ಮೇಲೆ ಬೇಕಾದದ್ದು ಇದೇ, ಜೂಲಿನೊಳಗೆ ಬೇಡವಾದದ್ದೂ ಇದೇ.

ತೊಳೆದ ರೋಲರನ್ನು ನೆಟ್ಟಗೆ ನಿಲ್ಲಿಸಿ ಒಣಗಿಸಿ. ಮಲಗಿಸಿಟ್ಟರೆ ಜೂಲು ಒಂದು ಕಡೆ ಚಪ್ಪಟೆಯಾಗಿ ಹಾಗೇ ಒಣಗುತ್ತದೆ. ಮುಂದಿನ ಸಲ ಅದು ಗೋಡೆಯ ಮೇಲೆ ಉರುಳುವಾಗ, ಒಂದೊಂದು ಸುತ್ತಿಗೂ ಆ ಚಪ್ಪಟೆ ಜಾಗ ಒಂದೊಂದು ಮಸುಕು ಪಟ್ಟೆ ಬಿಡುತ್ತದೆ. ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದೂರ ಎಷ್ಟಿರಬಹುದು? ಗೋಡೆ ಮುಟ್ಟದೆ, ಬಣ್ಣ ಮುಟ್ಟದೆ ಹೇಳಬೇಕು. ನಿಮಗೆ ಒಂದು ತುಂಡು ದಾರ ಮತ್ತು ಸ್ಕೇಲು ಕೊಡುತ್ತೇನೆ, ಅಷ್ಟೇ.