ಕಾರ್ಡ್ ಇದೆ, ಟಿಕೆಟ್ ಎಲ್ಲಿ?

ಇವತ್ತು ಚೆನ್ನೈನಲ್ಲಿ ನಮ್ಮೆಲ್ಲರ ಪರ್ಸಿನಲ್ಲಿ ಇರೋ ಒಂದು ಕಾರ್ಡಿನ ಬಗ್ಗೆ ಮಾತಾಡೋಣ. ಸಣ್ಣ ವಿಷಯ ಅನ್ನಿಸಬಹುದು. ಆದ್ರೆ ನಾನು ಒಂದು ಮಾತು ಹೇಳೋದು ಮರೆತಿದ್ದಕ್ಕೆ ನಮ್ಮಮ್ಮ ಪ್ಲಾಟ್‌ಫಾರ್ಮ್ ಮೇಲೆ ತಲೆ ತಗ್ಗಿಸಿ ನಿಲ್ಲಬೇಕಾಯ್ತು.

ಅಮ್ಮ ಹಾಸನದವರು. ತಮಿಳು ಬರಲ್ಲ, ಸ್ಮಾರ್ಟ್‌ಫೋನ್ ಇಲ್ಲ. ಹಿಂದಿನ ಸಲ ಬಂದಾಗ ಅವರಿಗೆ ಸಿಂಗಾರ ಚೆನ್ನೈ ಕಾರ್ಡ್ ಕೊಟ್ಟು ಮೆಟ್ರೋದಲ್ಲಿ ಓಡಾಡೋದು ಕಲಿಸಿದ್ದೆ. ಗೇಟಿಗೆ ಮುಟ್ಟಿಸಿದರೆ ಬಾಗಿಲು ತೆರೆಯುತ್ತೆ, ಯಾರನ್ನೂ ಏನೂ ಕೇಳಬೇಕಿಲ್ಲ. ಅಮ್ಮನಿಗೆ ಖುಷಿಯೋ ಖುಷಿ. ಈ ಸಲ ಸೆಂಟ್ರಲ್‌ನಲ್ಲಿ ಒಬ್ಬರೇ ಇಳಿದರು. ನನಗೆ ಆಫೀಸಿನಲ್ಲಿ ರಿಲೀಸ್ ಇತ್ತು. "ಗಿಂಡಿವರೆಗೆ ಮೆಟ್ರೋದಲ್ಲಿ ಬಾ ಅಮ್ಮ, ಪಕ್ಕದಲ್ಲೇ ಲೋಕಲ್ ಟ್ರೈನ್ ಸ್ಟೇಷನ್, ತಾಂಬರಂ ಕಡೆ ಹೋಗೋದು ಹತ್ತು" ಅಂತ ಫೋನಿನಲ್ಲಿ ಹೇಳಿದೆ.

ಲೋಕಲ್ ಸ್ಟೇಷನ್ನಿನಲ್ಲಿ ಮೆಟ್ರೋ ಥರ ಗೇಟಿಲ್ಲ. ಅಮ್ಮ ನೇರ ಹೋಗಿ ಟ್ರೈನ್ ಹತ್ತಿದರು. ಇಳಿದಾಗ ಟಿ.ಸಿ. ಟಿಕೆಟ್ ಕೇಳಿದರು. ಅಮ್ಮ ಧೈರ್ಯವಾಗಿ ಕಾರ್ಡ್ ತೋರಿಸಿದರು. ಅದು ಟಿಕೆಟ್ ಅಲ್ಲವಲ್ಲ! ಟಿಕೆಟ್ ಇಲ್ಲದಿದ್ದರೆ ರೈಲ್ವೆ ನಿಯಮದ ಪ್ರಕಾರ ಚಾರ್ಜಿನ ಜೊತೆ ಕನಿಷ್ಠ 250 ರೂಪಾಯಿ ದಂಡ. ಟಿ.ಸಿ. ಮಾಡಿದ್ದು ಅವರ ಕೆಲಸ, ತಪ್ಪೇನಿಲ್ಲ. ಅಮ್ಮ ನನಗೆ ಹೇಳಿದ್ದು ಎರಡು ದಿನ ಆದಮೇಲೆ: "ದುಡ್ಡು ಹೋಗಿದ್ದಕ್ಕಲ್ಲ ಕಣೋ. ಕಾರ್ಡಲ್ಲಿ ದುಡ್ಡಿಟ್ಕೊಂಡೂ ಕಳ್ಳಿ ಥರ ನಿಂತೆನಲ್ಲ."

ಈಗ ವಿಷಯಕ್ಕೆ ಬರೋಣ. ಈ ಕಾರ್ಡಿನಲ್ಲಿ ಬ್ಯಾಟರಿ ಇರಲ್ಲ. ಒಳಗೆ ತೆಳು ತಂತಿಯ ಸುರುಳಿ, ಒಂದು ಚಿಪ್. ಗೇಟಿನ ರೀಡರ್ ಹತ್ತಿರ ಹಿಡಿದಾಗ ಅದರ ಕಾಂತಕ್ಷೇತ್ರದಿಂದಲೇ ಚಿಪ್‌ಗೆ ವಿದ್ಯುತ್ ಸಿಗುತ್ತೆ. ಒಳಗೆ ಹೋಗುವಾಗ ಎಲ್ಲಿ ಹತ್ತಿದಿರಿ ಅಂತ ಬರೆದುಕೊಳ್ಳುತ್ತೆ, ಹೊರಗೆ ಬರುವಾಗ ಲೆಕ್ಕ ಹಾಕಿ ದುಡ್ಡು ಕಡಿಯುತ್ತೆ. ಅಂದ್ರೆ ಕಾರ್ಡಿನಲ್ಲಿರೋದು ಬರೀ ದುಡ್ಡು. ಅದನ್ನ ಟಿಕೆಟ್ ಮಾಡೋದು ಗೇಟು. ಗೇಟೇ ಇಲ್ಲದ ಕಡೆ ಅದು ಜೇಬಿನಲ್ಲಿರೋ ನೋಟಿದ್ದ ಹಾಗೆ.

ಜಪಾನಿನಲ್ಲಿ 2001ರಲ್ಲಿ ಸುಯಿಕಾ ಕಾರ್ಡ್ ಬಂದಾಗ ಟೋಕಿಯೋದ ಲೋಕಲ್ ಸ್ಟೇಷನ್‌ಗಳಲ್ಲಿ ಆಟೋಮ್ಯಾಟಿಕ್ ಗೇಟುಗಳು ಮೊದಲೇ ಇದ್ದವು. ಚೆನ್ನೈ ಲೋಕಲ್ ಕರೆಂಟಿನಲ್ಲಿ ಓಡೋಕೆ ಶುರುವಾಗಿದ್ದೇ 1931ರಲ್ಲಿ. ನಾಲ್ಕೂ ಕಡೆಯಿಂದ ಜನ ಬಂದು ಹತ್ತೋ ತೆರೆದ ಸ್ಟೇಷನ್‌ಗಳು. ರೈಲ್ವೆಯದ್ದೇ ಒಂದು ರೀಚಾರ್ಜ್ ಸ್ಮಾರ್ಟ್ ಕಾರ್ಡ್ ಇದೆ, ಆದ್ರೆ ಅದನ್ನ ಎಟಿವಿಎಂ ಮಷೀನಿಗೆ ಇಟ್ಟು ಊರು ಆರಿಸಿ ಕಾಗದದ ಟಿಕೆಟ್ ತಗೋಬೇಕು.

ಸಿಂಗಾರ ಚೆನ್ನೈ ಕಾರ್ಡ್ 2023ರ ಏಪ್ರಿಲ್‌ನಲ್ಲಿ ಬಂತು. ಇದು ಎನ್‌ಸಿಎಂಸಿ ಕಾರ್ಡ್, ಅಂದ್ರೆ 2019ರಲ್ಲಿ ಕೇಂದ್ರ ಸರ್ಕಾರ ತಂದ 'ಒಂದು ದೇಶ ಒಂದು ಕಾರ್ಡ್'. ನಮ್ಮ ಮೆಟ್ರೋನೂ ಎನ್‌ಸಿಎಂಸಿ ಕಾರ್ಡ್ ತಗೊಳ್ಳುತ್ತೆ. 2025ರ ಜನವರಿಯಿಂದ ಇಲ್ಲಿನ ಎಂಟಿಸಿ ಬಸ್ಸಿನಲ್ಲೂ ನಡೆಯುತ್ತೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಚೆನ್ನೈ ಒನ್ ಆ್ಯಪ್‌ನಲ್ಲಿ ಬಸ್ಸು, ಮೆಟ್ರೋ, ಲೋಕಲ್ ಮೂರಕ್ಕೂ ಟಿಕೆಟ್ ಸಿಗುತ್ತೆ. ನಮಗೆ ಸರಿ. ಫೋನ್ ಇಲ್ಲದ ಅಮ್ಮನಿಗೆ?

ಹಾಗಾಗಿ ಅಪ್ಪ ಅಮ್ಮನಿಗೆ ಕಾರ್ಡ್ ಕೊಡೋ ಮುಂಚೆ ಮೂರು ಮಾತು ಹೇಳಿ. ಒಂದು, ಗೇಟ್ ಕಂಡರೆ ಕಾರ್ಡ್, ಗೇಟ್ ಇಲ್ಲದಿದ್ದರೆ ಕೌಂಟರ್. ಲೋಕಲ್‌ನ ಕನಿಷ್ಠ ಟಿಕೆಟ್ 5 ರೂಪಾಯಿ, ಕೈಯಲ್ಲಿ ಚಿಲ್ಲರೆ ಇರಲಿ. ಎರಡು, ನೀವು ಆನ್‌ಲೈನಿನಲ್ಲಿ ಹಾಕಿದ ದುಡ್ಡು ತಾನಾಗೇ ಚಿಪ್‌ಗೆ ಇಳಿಯಲ್ಲ, ಸ್ಟೇಷನ್ನಿನಲ್ಲಿ ಮಷೀನಿಗೆ ಇಟ್ಟು ಅಪ್‌ಡೇಟ್ ಮಾಡಬೇಕು. ಮೂರು, ಚಿಪ್‌ನಲ್ಲಿರೋದು ನಗದು ಇದ್ದ ಹಾಗೆ. ಕಾರ್ಡ್ ಕಳೆದರೆ ಅದೂ ಹೋಯ್ತು ಅಂದುಕೊಳ್ಳಿ, ಬೇಕಾದಷ್ಟೇ ಹಾಕಿ.

ಅಮ್ಮ ಈಗ ಮತ್ತೆ ಒಬ್ಬರೇ ಓಡಾಡ್ತಾರೆ. ಕೌಂಟರಿನಲ್ಲಿ "ಕ್ರೋಮ್‌ಪೇಟ್, ಒಣ್ಣು" ಅಂತಾರೆ. ಅವರು ಕಲಿತ ಮೊದಲ ತಮಿಳು ಅದೇ.

ನಿಮ್ಮ ಮನೆಯಲ್ಲೂ ಹೀಗೆ ಆಗಿದ್ರೆ ಹೇಳಿ.