ಗಾಗಲ್‌ನ ಒಳಮೈ ಉಜ್ಜಬೇಡಿ: ಕೂಳೂರಿನಿಂದ ಗುಲ್ಮಾರ್ಗ್‌ವರೆಗೆ

ಇವತ್ತಿನ ವಿಷಯ ಸ್ಕೀ ಗಾಗಲ್‌ನ ಲೆನ್ಸ್. ನಾನು ಮಾತಾಡ್ತಾ ಇರುವುದು ಕೂಳೂರಿನಿಂದ. ನಗಬೇಡಿ ಮಾರಾಯ್ರೆ. ಫಲ್ಗುಣಿ ಹೊಳೆಯ ದಂಡೆಯಲ್ಲಿ ಹಿಮ ಬೀಳುವುದಿಲ್ಲ ಅಂತ ನನಗೂ ಗೊತ್ತುಂಟು. ಇಲ್ಲಿ ಬೀಳುವುದು ಮಳೆ, ಮಳೆ ಇಲ್ಲದಾಗ ಸೆಕೆ.

ಆದರೆ ರಜೆಯಲ್ಲಿ ಗುಲ್ಮಾರ್ಗ್‌ಗೋ ಮನಾಲಿ ಹತ್ತಿರದ ಸೋಲಂಗ್‌ಗೋ ಹೋಗಿ ಬರುವ ಮಂಗಳೂರಿನವರು ಈಗ ಬೇಕಾದಷ್ಟು ಜನ ಇದ್ದಾರೆ. ಕೆನಡಾದಲ್ಲಿರುವ ಮಗ ಊರಿಗೆ ಬಂದಾಗ ಬಿಟ್ಟುಹೋದ ಗಾಗಲ್ ಕೆಲವರ ಕಪಾಟಿನಲ್ಲಿ ಉಂಟು. ನಮ್ಮ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದವರು, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಹಾಗಾಗಿ ಹಿಮದ ಆಟ ನಮಗೆ ಸಂಬಂಧ ಇಲ್ಲದ್ದು ಅಂತ ಹೇಳುವ ಹಾಗಿಲ್ಲ.

ಇನ್ನೊಂದು ಮಾತು. ಗಾಗಲ್ ನೋಡದವರೂ ಇದನ್ನು ಕೇಳಬೇಕು, ಯಾಕೆಂದರೆ ಗಾಗಲ್‌ನ ಹೊರ ಲೆನ್ಸ್ ಸಾಮಾನ್ಯವಾಗಿ ಯಾವ ಪ್ಲಾಸ್ಟಿಕ್‌ನದ್ದೋ ನಿಮ್ಮ ಹೆಲ್ಮೆಟ್‌ನ ಗ್ಲಾಸ್ ಕೂಡ ಅದರದ್ದೇ. ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಒಬ್ಬರು, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಇನ್ನೊಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದನ್ನು ತಯಾರಿಸಿದರು. ಕಲ್ಲು ಬಡಿದರೂ ಸುಲಭದಲ್ಲಿ ಒಡೆಯುವುದಿಲ್ಲ, ಸೂರ್ಯನ ಅತಿನೇರಳೆ ಕಿರಣವನ್ನೂ ತಡೆಯುತ್ತದೆ. ಆದರೆ ಮೈ ಮಾತ್ರ ಮೆದು. ದೊಡ್ಡ ಮರಳಿನ ಕಣವೇ ಬೇಕಂತಿಲ್ಲ, ಕಣ್ಣಿಗೆ ಕಾಣದ ಧೂಳು ಸಾಕು ಗೀರು ಬೀಳ್ಲಿಕ್ಕೆ. ಅದಕ್ಕೇ ಒಳ್ಳೆಯ ಲೆನ್ಸ್‌ಗಳ ಹೊರಮೈಗೆ ತೆಳ್ಳಗೆ ಒಂದು ಗಟ್ಟಿ ಲೇಪ ಕೊಟ್ಟಿರ್ತಾರೆ.

ಈಗ ನಮ್ಮ ರಸ್ತೆ ನೆನಪು ಮಾಡಿಕೊಳ್ಳಿ. ಕೊಟ್ಟಾರ ಚೌಕಿಯಿಂದ ಕೂಳೂರು ಸೇತುವೆ ದಾಟಿ ಪಣಂಬೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66. ಬಂದರಿನ ಲಾರಿಗಳು, ಟ್ಯಾಂಕರ್‌ಗಳು, ಬೈಕಂಪಾಡಿಯ ಕಾರ್ಖಾನೆಗಳಿಗೆ ಹೋಗುವ ಗಾಡಿಗಳು. ಹೆಲ್ಮೆಟ್ ಗ್ಲಾಸಿನ ಮೇಲೆ ಕೂರುವುದು ಬರೀ ಧೂಳಲ್ಲ. ಡೀಸೆಲ್ ಹೊಗೆಯ ಜಿಡ್ಡು, ಕಡಲಿನ ಉಪ್ಪು, ಆ ಜಿಡ್ಡಿನಲ್ಲಿ ಅಂಟಿಕೊಂಡ ಮರಳು. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಮರಳಿನ ಸ್ಫಟಿಕಕ್ಕೆ 7, ಉಕ್ಕಿನ ಚಾಕುವಿಗೆ ಸುಮಾರು ಐದೂವರೆ. ಸಿಗ್ನಲ್‌ನಲ್ಲಿ ನಿಂತಾಗ ಅಂಗಿಯ ತೋಳಿನಿಂದ ಒಮ್ಮೆ ಉಜ್ಜಿದರೆ ನೀವು ಸಾಣೆ ಕಾಗದ ಹಿಡಿದ ಹಾಗೆಯೇ. ಹಗಲು ಗೊತ್ತಾಗುವುದಿಲ್ಲ. ರಾತ್ರಿ ಎದುರಿನಿಂದ ಲಾರಿಯ ಹೆಡ್‌ಲೈಟ್ ಬಿದ್ದಾಗ ನೋಡಿ, ಒಂದೊಂದು ಗೀರೂ ಬೆಳಕಿನ ಗೆರೆಯಾಗಿ ಹರಡಿ ಮುಂದೆ ಇರುವ ಗುಂಡಿ ಕಾಣುವುದೇ ಇಲ್ಲ. ಹಿಮದಲ್ಲಿಯೂ ಇದೇ ಕತೆ, ಅಲ್ಲಿ ಲಾರಿಯ ಬದಲು ಬಿಸಿಲು. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣದಲ್ಲಿ 80 ಶೇಕಡದವರೆಗೂ ವಾಪಸ್ ಎಸೆಯುತ್ತದೆ. ಗುಲ್ಮಾರ್ಗ್ ಇರುವುದೇ 2,600 ಮೀಟರಿಗಿಂತ ಎತ್ತರದಲ್ಲಿ, ಗೊಂಡೋಲಾ ಅಂದರೆ ಕೇಬಲ್ ಕಾರ್ ಹತ್ತಿದರೆ ಇನ್ನೂ ಮೇಲೆ. ಅಲ್ಲಿ ಗಾಗಲ್ ತೆಗೆದಿಟ್ಟು ಓಡಾಡುವ ಹಾಗಿಲ್ಲ.

ಇನ್ನು ಒಳಮೈ. ಜನ ಹಾಳು ಮಾಡಿಕೊಳ್ಳುವುದು ಹೆಚ್ಚಾಗಿ ಇದನ್ನೇ.

ಮುಖದ ಬಿಸಿ, ಉಸಿರಿನ ತೇವ ಒಳಗೆ. ಹೊರಗೆ ಚಳಿ. ತಣ್ಣಗಾದ ಲೆನ್ಸಿಗೆ ಆ ತೇವ ತಾಗಿದ ಕೂಡಲೇ ಸಣ್ಣ ಸಣ್ಣ ಹನಿಯಾಗಿ ಕೂರ್ತದೆ, ಅದೇ ಮಂಜು. ಜುಲೈ ತಿಂಗಳ ಮಳೆಯಲ್ಲಿ ಹೆಲ್ಮೆಟ್ ಗ್ಲಾಸ್ ಮುಚ್ಚಿಕೊಂಡು ಸೇತುವೆ ಮೇಲೆ ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಅಮೆರಿಕದ ಬಾಬ್ ಸ್ಮಿತ್, ವಕ್ರದಂತ ಸರಿಮಾಡುವ ವೈದ್ಯರು, ಸ್ಕೀಯಿಂಗ್ ಹುಚ್ಚಿನವರು. 1960ರ ದಶಕದಲ್ಲಿ ಎರಡು ಲೆನ್ಸ್‌ಗಳನ್ನು ನಡುವೆ ಗಾಳಿ ಉಳಿಯುವ ಹಾಗೆ ಜೋಡಿಸಿ, ಗಾಳಿ ಆಡುವ ಕಡೆಗೆ ಫೋಮ್ ಇಟ್ಟು ಗಾಗಲ್ ಮಾಡಿದರು. ನಡುವಿನ ಗಾಳಿ ಚಳಿಯನ್ನು ಒಳಗಿನ ಲೆನ್ಸಿಗೆ ತಲುಪಲಿಕ್ಕೆ ಬಿಡುವುದಿಲ್ಲ. ದುಬಾರಿ ಹೆಲ್ಮೆಟ್‌ಗಳಲ್ಲಿ ಪಿನ್‌ಲಾಕ್ ಅಂತ ಒಳಗಡೆ ಇನ್ನೊಂದು ಹಾಳೆ ಸಿಕ್ಕಿಸ್ತಾರಲ್ಲ, ಅದೂ ಇದೇ ಲೆಕ್ಕಾಚಾರ.

ಇಷ್ಟಾದ ಮೇಲೂ ಒಳಗಿನ ಲೆನ್ಸಿಗೆ ಮಂಜು ತಡೆಯುವ ಲೇಪ ಒಂದು ಇರ್ತದೆ. ಅದು ನೀರನ್ನು ಓಡಿಸುವುದಿಲ್ಲ, ಕರೆದುಕೊಳ್ಳುತ್ತದೆ. ಹನಿ ನಿಲ್ಲಲಿಕ್ಕೆ ಬಿಡದೆ ತೇವವನ್ನು ಹೀರಿ ತೆಳುವಾಗಿ ಹರಡುತ್ತದೆ, ಆಗ ಆಚೆ ಕಡೆ ಸ್ವಚ್ಛ ಕಾಣ್ತದೆ. ಆದರೆ ನೀರು ಕುಡಿದ ಲೇಪ ಉಬ್ಬಿ ಮೆತ್ತಗಾಗಿರುತ್ತದೆ. ಆ ಹೊತ್ತಿಗೆ ಸರಿಯಾಗಿ ನಾವು ಏನು ಮಾಡ್ತೇವೆ? ಗ್ಲೌಸ್‌ನ ಬೆರಳು ಒಳಗೆ ಹಾಕಿ ತಿಕ್ತೇವೆ. ಲೇಪ ಬೆರಳಿನ ಗುರುತಿಗೆ ಸರಿಯಾಗಿ ಎದ್ದುಹೋಗ್ತದೆ. ಮತ್ತೆ ಆ ಜಾಗದಲ್ಲಿ ಮಾತ್ರ ಯಾವಾಗಲೂ ಮಂಜು.

ಹಾಗಾದರೆ ಎಂತ ಮಾಡುವುದು? ಬಿದ್ದು ಒಳಗೆ ಹಿಮ ಹೊಕ್ಕಿತು ಅಂತ ಇಟ್ಟುಕೊಳ್ಳಿ. ಗಾಗಲ್ ತಿರುಗಿಸಿ ಕೊಡವಿ, ಹಿಮ ಉದುರಲಿ. ಉಳಿದ ಹನಿಯನ್ನು ಗಾಗಲ್ ಜೊತೆ ಬಂದ ಮೆತ್ತಗಿನ ಚೀಲದ ಬಟ್ಟೆಯಿಂದ ಒತ್ತಿ, ಎತ್ತಿ. ಒತ್ತಿ, ಎತ್ತಿ. ಎಳೆಯುವುದು ಬೇಡ, ಸುತ್ತಿಸುವುದೂ ಬೇಡ. ಮೇಲಿನ ಗಾಳಿಕಿಂಡಿಯಲ್ಲಿ ಹಿಮ ತುಂಬಿದ್ದರೆ ಅದನ್ನು ತೆಗೆಯಿರಿ. ಕಿಂಡಿ ಕಟ್ಟಿದರೆ ಜಗತ್ತಿನ ಯಾವ ಲೇಪವೂ ಉಪಯೋಗಕ್ಕೆ ಬರುವುದಿಲ್ಲ. ಫೋಟೋ ತೆಗೆಯುವಾಗ ಗಾಗಲನ್ನು ಹಣೆಗೆ ಏರಿಸಬೇಡಿ, ಬೆವರಿದ ತಲೆಯ ಹಬೆ ಪೂರಾ ಅದರೊಳಗೆ ಹೋಗ್ತದೆ. ಎರಡು ಲೆನ್ಸ್‌ಗಳ ನಡುವೆ ನೀರು ಹೊಕ್ಕಿದ್ದರೆ ಬಿಡಿಸಲಿಕ್ಕೆ ಹೋಗಬೇಡಿ, ನೆರಳಿನಲ್ಲಿ ಇಟ್ಟು ಬಿಡಿ, ಒಂದೆರಡು ದಿನ ಹಿಡಿಯಲಿ. ಹೋಟೆಲಿನ ಹೀಟರ್ ಮೇಲೆ, ಹೇರ್ ಡ್ರೈಯರ್ ಎದುರು ಇಟ್ಟರೆ ಅಂಟು ಬಿಟ್ಟು ಎರಡು ಲೆನ್ಸೂ ಬೇರೆಯಾಗುವುದು ಉಂಟು.

ಊರಿಗೆ ಬಂದ ಮೇಲೆ ಹೊರಮೈ ತೊಳೆಯುವ ಕೆಲಸ. ಇದು ಗಾಗಲ್‌ಗೂ ಸರಿ, ಹೆಲ್ಮೆಟ್ ಗ್ಲಾಸಿಗೂ ಸರಿ. ಮೊದಲು ಮುಟ್ಟಬೇಡಿ. ನಳ್ಳಿಯ ಕೆಳಗೆ ಓರೆಯಾಗಿ ಹಿಡಿದು ನೀರು ಹರಿಯಲು ಬಿಡಿ, ಮರಳು ತಾನಾಗಿ ಜಾರಿ ಹೋಗಬೇಕು. ಗಾಗಲ್ ಆದರೆ ಹೊರಗಡೆ ಮಾತ್ರ ಒದ್ದೆಯಾಗಲಿ. ಹೆಲ್ಮೆಟ್ ಆದರೆ ಗ್ಲಾಸ್ ಕಳಚಿಕೊಳ್ಳಿ. ಒಣಗಿ ಅಂಟಿದ ಹುಳ ಇದ್ದರೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಡಿ, ಉಗುರು ಹಾಕಬೇಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ನೀರಿನಲ್ಲಿ ಕಲಸಿ ಬೆರಳ ತುದಿಯಿಂದಲೇ ಹಗುರವಾಗಿ ಸವರಿ. ತಲೆಗೆ ಹಾಕಿದ ತೆಂಗಿನೆಣ್ಣೆಯ ಬೆರಳಚ್ಚು, ಡೀಸೆಲ್ ಜಿಡ್ಡು ಎರಡೂ ಇದಕ್ಕೆ ಬಿಡುತ್ತದೆ. ಕೊನೆಯ ನೀರು ಸಿಹಿನೀರಾಗಿರಲಿ. ಹೊಳೆ ದಂಡೆಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಹೊಡೆಯುವುದು ನಿಮಗೆ ಗೊತ್ತಲ್ಲ, ಅದು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ತುಂಬೆಯಿಂದ ಬರುವ ಕಾರ್ಪೊರೇಷನ್ ನೀರು ಸಾಕು. ಒರೆಸಲಿಕ್ಕೆ ಮೈಕ್ರೋಫೈಬರ್ ಬಟ್ಟೆ. ಬೈರಾಸು ಬೇಡ, ಸೀರೆಯ ಸೆರಗು ಬೇಡ, ಟಿಶ್ಯೂ ಪೇಪರ್ ಕೂಡ ಬೇಡ.

ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್, ಅಮೋನಿಯಾ ಇರುವ ಕಿಟಕಿ ಸ್ಪ್ರೇ, ಯಾವುದೂ ಬೇಡ. ಡೀಟ್ ಇರುವ ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಲೆನ್ಸ್ ಹಿಡಿಯಬೇಡಿ, ಅದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಗೀರು ಹೋಗುತ್ತದೆ ಅಂತ ಹೇಳುವ ವಿಡಿಯೋಗಳು ಬೇಕಾದಷ್ಟು ಉಂಟು. ಗೀರಿನ ಜೊತೆ ಗಟ್ಟಿ ಲೇಪವೂ ಹೋಗುತ್ತದೆ, ಅದನ್ನು ಅವರು ಹೇಳುವುದಿಲ್ಲ.

ಕಡೆಯದಾಗಿ ಮಳೆಗಾಲ. ನನ್ನನ್ನು ಕೇಳಿದರೆ, ಗುಲ್ಮಾರ್ಗ್‌ನ ಹಿಮಕ್ಕಿಂತ ನಮ್ಮ ಕಪಾಟೇ ಗಾಗಲ್‌ಗೆ ದೊಡ್ಡ ಅಪಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯಲ್ಲಿ ತೇವ 80 ಶೇಕಡದ ಮೇಲೆಯೇ ಇರ್ತದೆ. ಚರ್ಮದ ಬೆಲ್ಟಿಗೆ, ಕಪಾಟಿನ ಹಲಗೆಗೆ ಬೂಷ್ಟು ಬರುವ ಹಾಗೆ ಬೆವರು ಹಿಡಿದ ಗಾಗಲ್ ಪಟ್ಟಿಗೂ ಫೋಮಿಗೂ ಬೂಷ್ಟು ಬರ್ತದೆ, ಅಲ್ಲಿಂದ ಲೆನ್ಸಿಗೆ ಹತ್ತುತ್ತದೆ. ಫೋಮ್ ಹೆಚ್ಚಾಗಿ ಪಾಲಿಯುರಥೇನ್. ತೇವ ಅದನ್ನು ನಿಧಾನಕ್ಕೆ ಒಳಗಿಂದ ಕಡಿಯುತ್ತದೆ. ಎರಡು ಮೂರು ಮಳೆಗಾಲ ಇಟ್ಟ ಶೂಗಳ ಸೋಲ್ ಮದುವೆಯ ದಿನ ಪುಡಿಪುಡಿಯಾಗಿ ಉದುರುವುದಕ್ಕೂ ಇದೇ ಕಾರಣ.

ಹಾಗಾಗಿ ಪಟ್ಟಿ ಒಗೆದು, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಡಬ್ಬಿಯಲ್ಲಿ ಲೆನ್ಸ್ ಮೇಲ್ಮುಖವಾಗಿರಲಿ, ಮೇಲೆ ಭಾರ ಬೇಡ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ. ಅಡುಗೆ ಬಾಣಲೆಯಲ್ಲಿ ಹುರಿದು ಮತ್ತೆ ಉಪಯೋಗಿಸಲಿಕ್ಕೆ ಹೋಗಬೇಡಿ, ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್, ವಿಷ. ನುಸಿಗುಳಿಗೆ ಇಟ್ಟ ಪೆಟ್ಟಿಗೆಯೂ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗೆ ಆಗುವುದಿಲ್ಲ. ಪಣಂಬೂರು ಬೀಚಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಂತೂ ಖಂಡಿತ ಬೇಡ.

ಗೀರು ಬಿದ್ದ ಲೆನ್ಸಿಗೆ ರಿಪೇರಿ ಅಂತ ಇಲ್ಲ. ಗಾಗಲ್ ಆದರೆ ಮುಂದಿನ ಪ್ರವಾಸದವರೆಗೆ ಟೈಮ್ ಉಂಟು, ಬಾಡಿಗೆಗೆ ತೆಗೆದುಕೊಳ್ಳುವವರು ಬೆಳಕಿಗೆ ಹಿಡಿದು ನೋಡಿ ಆರಿಸಿಕೊಳ್ಳಿ. ಆದರೆ ದಿನಾ ರಾತ್ರಿ ಕೂಳೂರು ಸೇತುವೆ ದಾಟಿ ಮನೆಗೆ ಹೋಗುವವರು ಇವತ್ತೇ ನಿಮ್ಮ ಹೆಲ್ಮೆಟ್ ಗ್ಲಾಸನ್ನು ಟ್ಯೂಬ್‌ಲೈಟಿನ ಎದುರು ಹಿಡಿದು ನೋಡಿ. ಕಣ್ಣಿನ ಎದುರಿಗೇ ಗೀರು ಕಂಡರೆ ನಾಳೆಯೇ ಹೊಸದು ಹಾಕಿಸಿ.